ನೀರು ಕಪ್ಪಾಗಿ ಕಾಣುವ ಯಂತ್ರ

೧೨ ಜನವರಿ ೨೦೦೯, ಸೋಮವಾರ. ಹುಮನಾಬಾದ

ಸಂಜೆ ಏಳು ಗಂಟೆ. ಇಂದು ಮಿಲ್ಲಿಗೆ ಯಂತ್ರ ಬಂತು. ಹೈದರಾಬಾದಿನಿಂದ ಲಾರಿಯಲ್ಲಿ, ಕಟ್ಟಿಗೆಯ ಪೆಟ್ಟಿಗೆಯೊಳಗೆ. ಇಳಿಸುವುದಕ್ಕೆ ಮಧ್ಯಾಹ್ನದವರೆಗೆ ಹಿಡಿಯಿತು. ಅಷ್ಟು ಹೊತ್ತೂ ನಮ್ಮನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂರಿಸಿದ್ದರು. ಕೈಯಲ್ಲಿ ಮೊರ ಇಲ್ಲದೆ ಕೂತು ನನಗೆ ರೂಢಿಯಿಲ್ಲ. ನಾಲ್ಕು ಸಲ ಎದ್ದು ನೀರು ಕುಡಿದೆ.

ಶಂಕರಲಿಂಗಪ್ಪ ಸಾವ್ಕಾರರು ಕಾಯಿ ಒಡೆದು ಯಂತ್ರಕ್ಕೆ ಕುಂಕುಮ ಹಚ್ಚಲು ಹೋದರು. ಯಂತ್ರದ ಜೊತೆ ಬಂದ ಇಂಜಿನಿಯರ್ ಮೊಹಿನುದ್ದೀನ್ ಓಡಿಹೋಗಿ ಅವರ ಕೈ ಹಿಡಿದ.

"ಗಾಜಿಗಿ ಹಚ್ಚಬ್ಯಾಡ್ರಿ ಸಾವ್ಕಾರ್ರ. ಅದು ಇದರ ಕಣ್ಣು."

"ಹಂಗಾದ್ರ ಹಣಿ ಎಲ್ಲದ ತೋರ್ಸಪ್ಪಾ."

ಎಲ್ಲರೂ ನಕ್ಕರು. ನಾನು ನಗಲಿಲ್ಲ ಎಂದು ಪಕ್ಕದಲ್ಲಿ ಕೂತಿದ್ದ ಸೋನುಬಾಯಿ ನನ್ನ ಮುಖ ನೋಡಿದಳು.

ತೊಗರಿ ಬೇಳೆಯೊಳಗಿನ ಕಲ್ಲಿನ ಹಳ್ಳು, ಮಣ್ಣಿನ ಹೆಂಟಿ ಎಲ್ಲ ಈ ಯಂತ್ರವೇ ಆರಿಸುತ್ತದಂತೆ. ಅದು ನಮ್ಮ ಎಂಟು ಹೆಂಗಸರ ಕೆಲಸ. ಸಾವ್ಕಾರರು ಮುಚ್ಚಿಡಲಿಲ್ಲ. "ಫೆಬ್ರುವರಿ ಹದಿನಾಲ್ಕರ ತನಕಾ ಪರೀಕ್ಷಾ. ಬರೋಬರ್ ನಡದ್ರ ಇಟ್ಕೋತೀನಿ. ಇಲ್ಲಂದ್ರ ವಾಪಸ್. ಅಲ್ಲಿತನಕಾ ಎಂದಿನಂಗ ಬರ್ರಿ," ಎಂದರು. ಹದಿನಾಲ್ಕರ ಆಮೇಲೆ ಏನೆಂದು ಯಾರೂ ಕೇಳಲಿಲ್ಲ.

ಅಕ್ಕ ಸಂಗಮ್ಮ ತೀರಿಹೋಗಿ ಮೂರು ತಿಂಗಳು. ಅವಳು ಹಾಸಿಗೆ ಹಿಡಿದ ವರ್ಷವೆಲ್ಲ ನಾನು ಸಂಜೆ ಬಂದು ಮಿಲ್ಲಿನ ಸುದ್ದಿ ಹೇಳುತ್ತಿದ್ದೆ. ಈಗಲೂ ಬಾಗಿಲು ತೆಗೆದ ಕೂಡಲೇ ಬಾಯಿಗೆ ಮಾತು ಬರುತ್ತದೆ. ಅದಕ್ಕೇ ಈ ನೋಟುಬುಕ್ಕು ತಂದೆ. ಏಳನೆಯ ಇಯತ್ತೆ ಕಲಿತದ್ದು ಎಷ್ಟು ಉಳಿದಿದೆಯೋ ನೋಡಬೇಕು.

೧೪ ಜನವರಿ, ಸಂಕ್ರಾಂತಿ

ಅಕ್ಕನ ಮಗಳು ರೂಪಾಲಿ ಕಲ್ಯಾಣದಿಂದ ಬಂದಿದ್ದಳು. ಕುಸುರೆಳ್ಳು, ಸಜ್ಜೆ ರೊಟ್ಟಿ, ಭಜ್ಜಿ ಎಲ್ಲ ಕಟ್ಟಿಕೊಂಡು. ಉಂಡ ಮೇಲೆ ಮೂಲೆಯ ಟ್ರಂಕಿನ ಕಡೆ ನೋಡಿದಳು.

"ಚಿಗವ್ವಾ, ಅವ್ವನ ಟ್ರಂಕು ಇವತ್ತರ ತೆಗಿಯೋಣೇನು?"

"ಇವತ್ತು ಹಬ್ಬ."

"ದೀಪಾವಳಿಗೂ ಹಬ್ಬ ಅಂದಿ."

"ಮಿಲ್ಲಿಗಿ ಯಂತ್ರ ಬಂದದ. ಅದೊಂದು ಮುಗೀಲಿ."

"ಯಂತ್ರಕ್ಕೂ ಟ್ರಂಕಿಗೂ ಏನು ಸಂಬಂಧವ್ವಾ?" ಎಂದು ನಕ್ಕಳು. ಆಮೇಲೆ ನಗು ಬಿಟ್ಟು, ಇಲ್ಲಿ ತೆಗೆಯಲು ಆಗದಿದ್ದರೆ ಕಲ್ಯಾಣಕ್ಕೆ ತೆಗೆದುಕೊಂಡು ಬಾ, ಅಲ್ಲಿ ಇಬ್ಬರೂ ಕೂಡಿ ನೋಡೋಣ ಎಂದಳು. ಹೂಂ ಅಂದೆ. ಬಸ್ಸಿಗೆ ಬಿಟ್ಟು ಬಂದು ಮನೆಯ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. ಅವು ತೊಳೆದೇ ಇದ್ದವು.

೧೭ ಜನವರಿ, ಶನಿವಾರ

ಸಂಜೆ ಆರೂವರೆ. ಇವತ್ತಿನದು ಬರೆಯಬಾರದು ಅಂದುಕೊಂಡಿದ್ದೆ.

ಯಂತ್ರಕ್ಕೆ ಮೊದಲು ಕಲಿಸಬೇಕಂತೆ. ಮೊಹಿನುದ್ದೀನ್ ಕಲಬುರ್ಗಿಯವನು, ಕನ್ನಡ ಚೆನ್ನಾಗಿ ಬರುತ್ತದೆ. ನಮ್ಮೆದುರು ನಿಂತು ಮಾಸ್ತರನಂತೆ ಹೇಳಿದ: "ಹೆಂಟಿಗಿ ಬ್ಯಾಳಿ ಹಿಟ್ಟು ಬಡೀತಂದ್ರ ಅದೂ ಹಳದಿ, ಬ್ಯಾಳೀನೂ ಹಳದಿ. ಕಣ್ಣಿಗಿ ಮೋಸ ಆಗ್ತದ. ಈ ಕ್ಯಾಮೆರಾಕ್ಕ ಬಣ್ಣಾ ಕಾಣಂಗಿಲ್ಲ. ಕೆಂಪಿನ ಆಚಿ ಒಂದು ಬೆಳಕದ, ನಮಗ ಕಾಣಲಾರದ್ದು. ಆ ಬೆಳಕಿನ್ಯಾಗ ಮಣ್ಣು ಬ್ಯಾರೆ, ಬ್ಯಾಳಿ ಬ್ಯಾರೆ."

"ನಮ್ಮ ಸಂಗಮ್ಮನ ಬೆರಳಿಗೂ ಹಂಗೇ ಗೊತ್ತಾಗ್ತಿತ್ತು," ಎಂದಳು ಕಮಳಾಬಾಯಿ. ನಮ್ಮಲ್ಲೆಲ್ಲ ಹಿರಿಯಳು ಅವಳೇ. "ಆಕಿಗಿ ಬಲ್ಬೂ ಬೇಕಿದ್ದಿಲ್ಲ."

ಬೇಳೆ ಒಂದು ಪಟ್ಟಿಯ ಮೇಲೆ ಓಡಿ ತುದಿಯಲ್ಲಿ ಕೆಳಗೆ ಬೀಳುತ್ತದೆ. ಬೀಳುವಾಗ ಕ್ಯಾಮೆರಾ ನೋಡುತ್ತದೆ. ಬೇಡದ್ದು ಕಂಡರೆ ಗಾಳಿ ಪಟ್ಟೆಂದು ಊದಿ ಆಚೆಯ ಡಬ್ಬಿಗೆ ತಳ್ಳುತ್ತದೆ. ನೋಡಲು ಚೆಂದ.

ಅಗಲ ತಾಟಿನಂಥ ಒಂದು ಪರಾತದ ತುಂಬ ಚೊಕ್ಕ ಬೇಳೆ ಬೇಕು, ಒಂದೂ ಹೆಂಟಿ ಇರಬಾರದು, ಇಲ್ಲಿ ಕೈ ಯಾರದು ಚಲೋ ಎಂದು ಅವನು ಕೇಳಿದ. ಎಲ್ಲರೂ ನನ್ನನ್ನು ತೋರಿಸಿದರು. ಬೆಳಿಗ್ಗೆ ರಾಶಿಯಿಂದ ತೆಗೆದು ಎರಡು ತಾಸು ಕೂತು ಹಸನು ಮಾಡಿದೆ. ನನ್ನ ಪರಾತವನ್ನು ಯಂತ್ರಕ್ಕೆ ಸುರಿದರು. ಪಟಪಟ ಪಟಪಟ ಎಂದು ಮುಕ್ಕಾಲು ಪಾಲು ಊದಿ ಕಸದ ಡಬ್ಬಿಗೆ ಹಾಕಿತು.

ಸಾವ್ಕಾರರು ಡಬ್ಬಿಯೊಳಗೆ ನೋಡಿದರು. ನನ್ನನ್ನು ನೋಡಿದರು. "ಅತ್ತು ಅತ್ತು ನಿನ್ನ ಕಣ್ಣು ಹೋಗ್ಯಾವ ವಿದ್ಯಾವತಿ," ಎಂದರು. ಸಿಟ್ಟಿನಿಂದಲ್ಲ, ಕನಿಕರದಿಂದ. ಸೋಮವಾರದಿಂದ ಚೀಲದ ಬಾಯಿ ಹೊಲಿಯಲು ಹೋಗು ಎಂದರು.

ನಾನು ಅತ್ತಿಲ್ಲ. ಅಕ್ಕ ಹೋದ ದಿನವೂ ಅತ್ತಿಲ್ಲ.

೧೯ ಜನವರಿ

ಸೂಜಿಗೆ ದಾರ ಪೋಣಿಸಿದೆ. ಒಂದೇ ಸಲಕ್ಕೆ ಹೋಯಿತು. ತೆಗೆದು ಮತ್ತೆ ಪೋಣಿಸಿದೆ. ಏಳು ಸಲ.

೨೨ ಜನವರಿ, ಗುರುವಾರ

ಚೀಲ ಹೊಲಿಯುವ ಜಾಗದಿಂದ ಯಂತ್ರ ಕಾಣುತ್ತದೆ. ಅದಕ್ಕೂ ನೆಮ್ಮದಿಯಿಲ್ಲ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದರೆ ಹನ್ನೊಂದೂವರೆವರೆಗೆ ಒಳ್ಳೆಯ ಬೇಳೆಯನ್ನೆಲ್ಲ ಊದುತ್ತದೆ. ಆಮೇಲೆ ತಾನೇ ಸರಿಹೋಗುತ್ತದೆ. ಊಟದ ನಂತರ ಮತ್ತೆ ಅದೇ ಹುಚ್ಚು. ಮೊಹಿನುದ್ದೀನ್ ಕರೆಂಟಿನ ದೋಷ ಎಂದು ವೋಲ್ಟೇಜಿನ ಎರಡು ಡಬ್ಬಿ ಬದಲಿಸಿದ. ಹೈದರಾಬಾದಿನಿಂದ ಫೋನು ಬಂದಾಗಲೆಲ್ಲ ಅಂಗಳಕ್ಕೆ ಹೋಗಿ ಮಾತಾಡುತ್ತಾನೆ. ಬರುವಾಗ ಮುಖ ಇಳಿದಿರುತ್ತದೆ.

"ಸಾಬ್, ನಿಮ್ಮ ಯಂತ್ರಕ್ಕ ದೃಷ್ಟಿ ತಾಕ್ಯಾದ, ಮೆಣಸಿನಕಾಯಿ ಇಳಿಸ್ಲಾ?" ಎಂದು ಕಮಳಾಬಾಯಿ ಕೇಳಿದಳು.

"ಇಳಿಸ್ರಿ ಬಾಯಿ, ಈಗ ಅದೊಂದೇ ಉಳದದ."

ಹೆಂಗಸರಿಗೆ ಒಳಗೊಳಗೇ ಖುಷಿ. ಕಮಳಾಬಾಯಿ ದಿನಾ ಏಳಕ್ಕೆ ಬಂದು, ಬೇವಿನ ತೊಪ್ಪಲಿನ ಕಟ್ಟು ನೀರಿಗೆ ಅದ್ದಿ, ಬೇಳೆಯ ರಾಶಿಗೆ, ನೆಲಕ್ಕೆ ಹೊಡೆಯುತ್ತಾಳೆ. ಊಟಕ್ಕೆ ಏಳುವಾಗ ಇನ್ನೊಂದು ಸಲ. ಇದು ಅಕ್ಕ ಹಾಕಿಕೊಟ್ಟ ರೂಢಿ. ನಾನು ಇಪ್ಪತ್ತು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದು ಈ ಮಿಲ್ಲಿಗೆ ಸೇರಿದಾಗ ಧೂಳಿಗೆ ದಮ್ಮು ಹತ್ತಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆಗ ಶುರುಮಾಡಿದ್ದು. ತಾನು ಬೇಳೆ ಬೀಳುವ ಬಾಯಿಯ ಹತ್ತಿರ ಕೂತು ನನ್ನನ್ನು ಕಿಟಕಿಯ ಕಡೆ ಕೂರಿಸಿದಳು. ಅವಳ ಜಾಗದಲ್ಲಿ ಈಗ ಸೋನುಬಾಯಿ ಕೂರುತ್ತಾಳೆ. ಎಲ್ಲರಿಗಿಂತ ಸಣ್ಣವಳು. ಕೆಮ್ಮುತ್ತಾಳೆ.

೨೬ ಜನವರಿ

ಮಿಲ್ಲು ರಜೆ. ಮನೆಯಲ್ಲಿ ಕೂರಲಾಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಲ್ಯಾಣದ ಫಲಕದ ಕೆಳಗೆ ಕೂತೆ. ಎರಡು ಬಸ್ಸು ಹೋದವು. ಎದ್ದು ಬಂದೆ.

೨೮ ಜನವರಿ, ಬುಧವಾರ

ಸಂಜೆ ಏಳು. ಇಂದಿನ ಅಕ್ಷರ ಸೊಟ್ಟ.

ಮೊಹಿನುದ್ದೀನ್ ಕ್ಯಾಮೆರಾ ಬಿಚ್ಚಿ ಮೇಜಿನ ಮೇಲಿಟ್ಟು ಗಾಜು ಒರೆಸುತ್ತಿದ್ದ. ನಾನು ಚಹಾ ಒಯ್ದು ಕೊಟ್ಟೆ. ನನ್ನ ಪರಾತದ ಮಾತು ಅವನೇ ತೆಗೆದ. "ನಿಮ್ಮ ಬ್ಯಾಳಿ ನಾ ಆಮ್ಯಾಲ ಕೈಲೆ ನೋಡೀನ್ರಿ ಬಾಯಿ. ಚೊಕ್ಕ ಇತ್ತು. ಇದಕ್ಯಾಕ ಚೊಕ್ಕ ಕಾಣಲಿಲ್ಲ ಅಂತ ತಿಳೀಲಾಕತ್ತಿಲ್ಲ."

ಇದಕ್ಕೆ ಏನು ಕಾಣುತ್ತದೆ ಎಂದು ಕೇಳಿದೆ. ಯಂತ್ರದ ದೊಡ್ಡ ಬಲ್ಬು ಹಚ್ಚಿ, ಕೂಡ್ರಿ ಬಾಯಿ, ಅಲ್ಲಾಡಬ್ಯಾಡ್ರಿ ಎಂದ. ಅದು ಫೋಟೋ ತೆಗೆಯುವಂತೆ ಒಮ್ಮೆಲೆ ನೋಡುವುದಿಲ್ಲ, ಗೆರೆ ಗೆರೆಯಾಗಿ ನೋಡುತ್ತದೆ. ಕ್ಯಾಮೆರಾವನ್ನು ಕೈಯಿಂದ ನಿಧಾನಕ್ಕೆ ಮೇಲಿಂದ ಕೆಳಗೆ ತಿರುಗಿಸಿದ. ಯಂತ್ರಕ್ಕೆ ಜೋಡಿಸಿದ್ದ ಟಿವಿಯ ಮೇಲೆ ಮೊದಲು ಕೂದಲು ಬಂತು. ಬೆಳ್ಳಗೆ. ನನ್ನ ಕೂದಲು ಇನ್ನೂ ಕಪ್ಪು. ಬೆಳ್ಳಗಿದ್ದದ್ದು ಅಕ್ಕನದು. ಆಮೇಲೆ ಹಣೆ, ನಮ್ಮ ಅಪ್ಪನ ಅಗಲ ಹಣೆ, ಇಬ್ಬರದೂ ಒಂದೇ. ಅದು ಬೂದಿಗಿಂತ ಕಪ್ಪು. ಕಣ್ಣು ಇರುವಲ್ಲಿ ಎರಡು ಕರಿ ಹೊಂಡ.

ಗಲ್ಲ ಬರುವಷ್ಟರಲ್ಲಿ ನಾನು ಎದ್ದುಬಿಟ್ಟೆ.

"ಹೆದರಬ್ಯಾಡ್ರಿ. ಎಲ್ಲರೂ ಇದರಾಗ ಹಂಗೇ ಕಾಣ್ತಾರ. ಕೂದಲ ಕರಿದು ಇದಕ್ಕ ತಿಳಿಯಂಗಿಲ್ಲ. ಮೈಯಾಗ ನೀರದ, ಕಣ್ಣಾಗ ನೀರದ. ಎಲ್ಲಿ ನೀರದ ಅಲ್ಲಿ ಕರಿ." ಗಾಜಿನ ಲೋಟದಲ್ಲಿ ನೀರಿಟ್ಟು ತೋರಿಸಿದ. ಲೋಟ ತುಂಬ ಮಸಿ ಸುರಿದಂತಿತ್ತು.

ಅವನು ಚಹಾ ಕುಡಿಯುತ್ತಿದ್ದ. ನಾನು ಲೋಟವನ್ನೇ ನೋಡುತ್ತಿದ್ದೆ. ಬೆಳಿಗ್ಗೆ ಏಳು. ಊಟದ ಹೊತ್ತು. ಬೇವಿನ ತೊಪ್ಪಲು.

"ನೀರು ಒಣಗಿದ ಮ್ಯಾಲ?"

"ಮ್ಯಾಲ ಒಣಗಿ ಒಳಗ ಇದ್ರೂ ಇದಕ್ಕ ಕಾಣ್ತದ್ರಿ. ನಮ್ಮ ಕೈಗಿ ಗೊತ್ತಾಗಂಗಿಲ್ಲ."

ಅವನು ಬರುವುದು ಒಂಬತ್ತೂವರೆಗೆ. ಮಧ್ಯಾಹ್ನ ನಮಾಜಿಗೆ, ಊಟಕ್ಕೆ ಹೊರಗೆ ಹೋಗುತ್ತಾನೆ. ಕಮಳಾಬಾಯಿಯ ಕೈಯಲ್ಲಿನ ತೊಪ್ಪಲು ಅವನು ನೋಡಿಯೇ ಇಲ್ಲ.

ನಾನು ಲೋಟ ತೊಳೆದಿಟ್ಟು ಬಂದೆ.

೨೯ ಜನವರಿ

ಕಮಳಾಬಾಯಿಗೆ ಹೇಳಿದೆ. ಕೈಪಂಪಿನ ಹತ್ತಿರ, ಇಬ್ಬರೇ ಇದ್ದಾಗ. ಅವಳು ಕೊಡ ಇಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಸಂಗಮ್ಮ ಹೋದ್ರೂ ಆಕಿ ನೀರು ನಮ್ಮನ್ನ ಕಾಯ್ಲಾಕತ್ತದ. ಹದಿನೈದು ದಿನಾ ಇನ್ನ. ಸುಮ್ಕ ಬಾಯಿ ಮುಚ್ಕೊಂಡಿರು. ಯಂತ್ರ ತಾನೇ ಹೋಗ್ತದ."

"ಹೇಳೋದು ಬ್ಯಾಡಾ?"

ನಗು ಹೋಯಿತು. "ನಿನ್ನ ಕಣ್ಣು ಬರೋಬರ್ ಅದಾವ ಅಂತ ತೋರ್ಸ್ಲಾಕ ಎಂಟು ಮಂದಿ ಅನ್ನಾ ಕಳೀತಿ?"

ಅದೇ ಇರಬಹುದು. ನನ್ನ ಕಣ್ಣಿನ ಸಲುವಾಗಿಯೇ ಇರಬಹುದು.

೩೦ ಜನವರಿ

ಇವತ್ತೂ ಹೇಳಲಿಲ್ಲ. ಕಮಳಾಬಾಯಿ ಮೂರು ಸಲ ನೀರು ಹೊಡೆದಳು.

೩ ಫೆಬ್ರುವರಿ, ಮಂಗಳವಾರ

ಬೆಳಗಿನ ಐದೂವರೆ. ನಿದ್ದೆ ಮುಗಿಯಿತು. ನಿನ್ನೆಯದು ಈಗ ಬರೆಯುತ್ತಿದ್ದೇನೆ.

ಮೊಹಿನುದ್ದೀನನನ್ನು ವಾಪಸ್ ಕರೆಸಿ ಬೇರೆಯವರನ್ನು ಕಳಿಸುತ್ತಾರಂತೆ. ಅವನೇ ಹೇಳಿದ. "ನೋಕ್ರಿ ಇರ್ತದೋ ಇಲ್ಲೋ ಗೊತ್ತಿಲ್ರಿ ಬಾಯಿ," ಎನ್ನುತ್ತ ಗಾಜು ಒರೆಸುತ್ತಿದ್ದ. ದಿನಕ್ಕೆ ಹತ್ತು ಸಲ ಒರೆಸುತ್ತಾನೆ. ಧೂಳು ಎಳೆಯುವ ಪೈಪು ಹಾಕಿಸಿರಿ ಎಂದು ಮೊದಲ ದಿನವೇ ಸಾವ್ಕಾರರಿಗೆ ಹೇಳಿದ್ದನಂತೆ. ಆಮ್ಯಾಲ ನೋಡಮು ಅಂದಿದ್ದರಂತೆ.

ಒರೆಸಿದ ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟ. ಅರಿಷಿಣ ಒರೆಸಿದಂತೆ ಇತ್ತು. ಅವನು ಊಟದಿಂದ ಬರುವ ಮೊದಲೇ ಕಮಳಾಬಾಯಿ ನೀರು ಹೊಡೆದಿದ್ದಳು; ನನ್ನ ಕಾಲಿಗೆ ನೆಲ ಇನ್ನೂ ತಂಪು. ಗಾಳಿಯಲ್ಲಿ ನನ್ನ ಕಣ್ಣಿಗೆ ಧೂಳಿನ ಒಂದು ಕಣವೂ ಕಾಣುತ್ತಿರಲಿಲ್ಲ.

ನೀರಿಗೆ ಕೂರುವುದು ದಪ್ಪ ಧೂಳು ಮಾತ್ರ. ಸಣ್ಣದು ನಿಂತೇ ಇರುತ್ತದೆ. ಇಪ್ಪತ್ತು ವರ್ಷ ನಿಂತೇ ಇತ್ತು. ಅಕ್ಕ ಅದರ ಬಾಯಿಯ ಹತ್ತಿರವೇ ಕೂತಿದ್ದಳು. ಬೀದರಿನ ಡಾಕ್ಟರು ಫೋಟೋ ತೋರಿಸಿ ಎದೆಯಲ್ಲಿ ಧೂಳು ಎಂದಾಗ ನಾನು, ಇಲ್ಲ ಸಾಹೇಬರೇ, ನಾವು ದಿನಾ ನೀರು ಹೊಡೆಯುತ್ತೇವೆ ಎಂದಿದ್ದೆ.

ಸೋನುಬಾಯಿ ಕೆಮ್ಮಿದಳು. ಅವಳನ್ನು ಎಬ್ಬಿಸಿ ಕಿಟಕಿಯ ಕಡೆ ಕಳಿಸಿದೆ. ಹೊಲಿಯುವ ಚೀಲ ತಂದು ಆ ಜಾಗದಲ್ಲಿ ನಾನೇ ಕೂತೆ. ಅಲ್ಲಿ ಬೆಳಕು ಚೆನ್ನಾಗಿದೆ ಎಂದೆ.

೪ ಫೆಬ್ರುವರಿ, ಬುಧವಾರ

ಸಂಜೆ ಆರು. ಹೇಳಿದೆ.

ಬೆಳಿಗ್ಗೆ ಮೊದಲು ಕಮಳಾಬಾಯಿಯ ಹತ್ತಿರ ಹೋಗಿ, ಇವತ್ತು ಹೇಳುತ್ತೇನೆ ಎಂದೆ. ಅವಳು ತೊಪ್ಪಲಿನ ಕಟ್ಟು ನನ್ನ ಕಾಲ ಹತ್ತಿರ ಒಗೆದು ಹೋದಳು. ನಾನು ಸಾವ್ಕಾರರ ಖೋಲಿಗೆ ಹೋದೆ. ಇಷ್ಟು ವರ್ಷದಲ್ಲಿ ಆ ಹೊಸ್ತಿಲು ದಾಟಿರಲಿಲ್ಲ. ಮೊಹಿನುದ್ದೀನ್ ಅಲ್ಲೇ ನಿಂತು ಬೈಸಿಕೊಳ್ಳುತ್ತಿದ್ದ.

"ಸಾವ್ಕಾರ್ರ, ಯಂತ್ರಕ್ಕ ಏನೂ ಆಗಿಲ್ಲ. ನಾವು ಬ್ಯಾಳಿಗಿ ನೀರು ಹೊಡಿತೀವಿ."

"ನೀರಾ? ಯಾವತ್ತಿಂದ?"

"ಇಪ್ಪತ್ತು ವರ್ಷ ಆಯ್ತು ರಿ. ಧೂಳಿಗಿ."

ಮೊಹಿನುದ್ದೀನ್ ಎರಡೂ ಕೈಯಿಂದ ಹಣೆ ಬಡಿದುಕೊಂಡ. "ಯಾ ಅಲ್ಲಾ! ನೀರು! ನಾ ವೋಲ್ಟೇಜ್ ಹುಡುಕ್ಲಾಕತ್ತೀನಿ!"

"ಇವತ್ತಿಂದ ನೀರು ಬಂದ್," ಎಂದರು ಸಾವ್ಕಾರರು.

"ಬಂದ್ ಮಾಡ್ತೀವ್ರಿ. ಆದ್ರ ನೀರು ಬಂದ್ ಆತಂದ್ರ ಧೂಳೇಳ್ತದ. ತಾಸಿನ್ಯಾಗ ಆ ಗಾಜು ಕುಡ್ಡಾಗ್ತದ. ಪೈಪು ಹಾಕಸ್ರಿ. ಗಾಜಿನ ಕಡಿ ಒಂದು, ನಾವು ಕೂಡೋ ಕಡಿ ಒಂದು."

"ನಿಮ್ಮ ಕಡಿ ಯಾಕ ಬೇಕು? ಯಂತ್ರ ನಡದ ಮ್ಯಾಲ ನೀವು ಎಲ್ಲಿರ್ತೀರಿ?"

ಚೀಲ ಹೊಲಿಯುತ್ತ ಕೂತಾಗ ನೋಡಿದ್ದನ್ನು ಹೇಳಿದೆ. "ಒಂದು ಹೆಂಟಿ ಊದಿದ್ರ ಅದರ ಜೋಡಿ ಹತ್ತು ಒಳ್ಳೆ ಬ್ಯಾಳಿ ಹಾರಿ ಹೋಗ್ತಾವ. ಆ ಡಬ್ಬಿ ಯಾರು ಹಸನ ಮಾಡ್ಬೇಕು? ಒಗಿತೀರೇನು?"

ಸಾವ್ಕಾರರು ಮೊಹಿನುದ್ದೀನನ ಕಡೆ ನೋಡಿದರು. ಅವನು ನೆಲ ನೋಡುತ್ತ, "ಖರೇ ಅದ್ರಿ. ಎಲ್ಲಾ ಮಿಲ್ಲಿನ್ಯಾಗೂ ಆ ಮಾಲಿಗಿ ಮಂದಿ ಬೇಕೇ ಬೇಕು," ಎಂದ.

"ನಾಕು ಮಂದಿ," ಎಂದರು ಸಾವ್ಕಾರರು. "ನಾಕೇ. ಪೈಪು ಹಾಕಸ್ತೀನಿ."

ಹೊರಗೆ ಬಂದು ನಾಲ್ಕು ಜನ ಎಂದು ಹೇಳಿದೆ. ಏಳು ಜನ ನನ್ನನ್ನು ನೋಡಿದರು. ಮಾತಾಡಿದ್ದರೆ ಹಗುರವಾಗುತ್ತಿತ್ತು.

೯ ಫೆಬ್ರುವರಿ

ಪೈಪು ಬಂತು. ತಗಡಿನದು, ಆನೆಯ ಸೊಂಡಿಲಿನಂತೆ. ಶುರುಮಾಡಿದರೆ ಮೆಲ್ಲನೆ ಆಡಿದ ಮಾತು ಕೇಳಿಸುವುದಿಲ್ಲ. ಹೇಗೂ ನನ್ನೊಡನೆ ಯಾರೂ ಮಾತಾಡುತ್ತಿಲ್ಲ. ಸೋನುಬಾಯಿ ಮಾತ್ರ ಇವತ್ತು ತನ್ನ ಬುತ್ತಿಯಿಂದ ಖಾರದ ಶೇಂಗಾ ಹಿಂಡಿ ತೆಗೆದು ನನ್ನ ರೊಟ್ಟಿಯ ಮೇಲೆ ಇಟ್ಟಳು. ಎರಡು ರೊಟ್ಟಿ ಉಂಡೆ.

೧೪ ಫೆಬ್ರುವರಿ, ಶನಿವಾರ

ಕೊನೆಯ ಪರೀಕ್ಷೆ. ಮತ್ತೆ ನಾನೇ ಒಂದು ಪರಾತ ಹಸನು ಮಾಡಬೇಕೆಂದು ಮೊಹಿನುದ್ದೀನ್ ಹಟ ಹಿಡಿದ. ಸಾವ್ಕಾರರು, ಉಳಿದ ಏಳೂ ಹೆಂಗಸರು ಸುತ್ತ ನಿಂತಿದ್ದರು. ಬೇಳೆ ಹಳದಿ ನೀರಿನಂತೆ ತಡೆಯಿಲ್ಲದೆ ಇಳಿಯಿತು. ಪಟ್. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಪಟ್. ಅಷ್ಟೇ.

"ಕಣ್ಣು ಬರೋಬರ್ ಅದಾವಲ್ಲವಾ ನಿನ್ನವು!" ಎಂದರು ಸಾವ್ಕಾರರು.

ನಾನು ಡಬ್ಬಿಗೆ ಕೈ ಹಾಕಿದೆ. ಒಂದಷ್ಟು ಬೇಳೆಯ ನಡುವೆ ಎರಡು ಕಾಳು, ಬೇಳೆಯಂತೆಯೇ ಹಳದಿ, ಬೇಳೆಯಂತೆಯೇ ಚಪ್ಪಟೆ. ಬೆರಳಲ್ಲಿ ಒತ್ತಿದೆ. ಪುಡಿಯಾದವು. ಹೆಂಟಿ. ನನಗೆ ತಪ್ಪಿದ್ದು ಯಂತ್ರಕ್ಕೆ ಸಿಕ್ಕಿತು. ಸಂಗಮ್ಮ ಇದ್ದಿದ್ದರೆ ತಪ್ಪುತ್ತಿರಲಿಲ್ಲ. ಸಂಗಮ್ಮನ ಬೆರಳು ಅದನ್ನು ಮೊರದ ಅಂಚಿಗೇ ನಿಲ್ಲಿಸುತ್ತಿತ್ತು.

ಇದನ್ನೇ ಬಾಯಿಬಿಟ್ಟು ಹೇಳಿದೆನೇನೋ. ಕಮಳಾಬಾಯಿ ತಿರುಗಿ ನೋಡಿದಳು. ಹತ್ತು ದಿನದಲ್ಲಿ ಮೊದಲ ಸಲ.

ಯಂತ್ರ ಉಳಿಯಿತು. ಸಾವ್ಕಾರರು ನಾಲ್ವರ ಹೆಸರು ಕರೆಯಲು ಶುರುಮಾಡಿದರು. ಮೊದಲ ಹೆಸರು ನನ್ನದು. ಎರಡನೆಯದಕ್ಕೆ ಕಮಳಾಬಾಯಿ ತಡೆದಳು.

"ಹೆಸರು ಕರಿಬ್ಯಾಡ್ರಿ ಸಾವ್ಕಾರ್ರ. ನಾಕು ಜನ ಬೇಕು, ನಾಕು ಜನ ಬರ್ತೀವಿ. ಯಾರು ಅಂಬೋದು ನಮಗ ಬಿಡ್ರಿ. ಒಂದು ವಾರ ನಾಕು ಮಂದಿ, ಇನ್ನೊಂದು ವಾರ ಉಳದ ನಾಕು."

"ಎಲ್ಲಾರಿಗೂ ಅರ್ಧಾ ಆಗ್ತದಲ್ಲ?"

"ಅರ್ಧಾ ರೊಟ್ಟಿ ತಿಂದು ಗೊತ್ತದ ನಮಗ." ನನ್ನ ಕಡೆ ಕೈ ತೋರಿಸಿದಳು. "ಈಕಿದು ಎರಡನೇ ವಾರ. ಹೇಳ್ದಕ್ಕಿ ಮೊದಲು ಮನಿಯಾಗ ಕೂಡ್ಲಿ."

ಹೆಂಗಸರು ನಕ್ಕರು. ನನಗೂ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು, ನಿಲ್ಲಲಿಲ್ಲ. ಪೈಪಿನ ಸಪ್ಪಳದಲ್ಲಿ ನನ್ನ ಬಿಕ್ಕು ಯಾರಿಗೂ ಕೇಳಿಸಲಿಲ್ಲ. ಕಮಳಾಬಾಯಿ ಹತ್ತಿರ ಬಂದು ನನ್ನ ಮುಖ ತನ್ನ ಸೆರಗಿನಿಂದ ಒರೆಸಿ, "ಸಾಕು, ಬ್ಯಾಳಿಗಿ ಬಿದ್ದೀತು," ಎಂದಳು.

೧೫ ಫೆಬ್ರುವರಿ, ರವಿವಾರ

ಸಂಜೆ ಐದು. ಮಧ್ಯಾಹ್ನ ಮಲಗಿದ್ದೆ. ಎದ್ದಾಗ ಬಿಸಿಲು ಗೋಡೆ ಹತ್ತಿತ್ತು. ಮೊಹಿನುದ್ದೀನ್ ಬೆಳಿಗ್ಗೆ ಹೈದರಾಬಾದಿಗೆ ಹೋದನಂತೆ. ಅವನ ನೋಕರಿ ಉಳಿದಿದೆ. ಮಾರ್ಚಿನಲ್ಲಿ ಒಮ್ಮೆ ಗಾಜು ನೋಡಲು ಬರುತ್ತಾನಂತೆ.

ರೂಪಾಲಿಗೆ ಫೋನು ಮಾಡಿದೆ. ಸಂಗಮ್ಮನ ಟ್ರಂಕನ್ನು ಒರೆಸಿ ಬಾಗಿಲ ಹತ್ತಿರ ತಂದಿಟ್ಟೆ. ಅಂದುಕೊಂಡಷ್ಟು ಭಾರವಿಲ್ಲ, ಒಬ್ಬಳೇ ಹೊರಬಹುದು.

ನಾಳೆ ನನ್ನ ಪಾಳಿ ಇಲ್ಲ. ಕಲ್ಯಾಣದ ಮೊದಲ ಬಸ್ಸು ಆರೂವರೆಗೆ.